ಮೊತ್ತ ಮಾತ್ರ ಸರಿಯಿತ್ತು

ಪ್ರತಿ ತಿಂಗಳು ಐದನೇ ತಾರೀಖು ಚಿಂತಾಮಣಿಯಿಂದ ಒಬ್ಬ ಗಂಡಸು ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಬಂದು, ನಾನು ಕೆಲಸ ಮಾಡುವ ಆಡಿಟರ್ ಆಫೀಸಿನ ಮೆಟ್ಟಿಲು ಏರಿ, ನನ್ನ ಮೇಜಿನ ಮುಂದೆ ನಿಲ್ಲುತ್ತಾನೆ. ಮೇಜಿನ ಆ ಕಡೆ ಎರಡು ಕುರ್ಚಿಗಳಿವೆ. ಕೂತ್ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹೇಳದೆ ಕೂರುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ. ಅವನು ತಂದ ಪಟ್ಟಿಯನ್ನು ಮುಂದಿಟ್ಟುಕೊಂಡು, ಕನ್ನಡಕ ಒರೆಸಿ, ಒಂದು ಲೋಟ ನೀರು ಕುಡಿದು, ಆಮೇಲೆ ಲೆಕ್ಕ ಕೂಡಿಸಲು ಶುರು ಮಾಡುತ್ತೇನೆ. ಪಕ್ಕದಲ್ಲೇ ಕಂಪ್ಯೂಟರ್ ಇದೆ, ಚಿಟಿಕೆ ಹೊಡೆಯುವಷ್ಟರಲ್ಲಿ ಕೂಡಿಸಿ ಕೊಡುತ್ತದೆ. ನಾನು ಪೆನ್ಸಿಲಿನಲ್ಲಿ ಕೂಡಿಸುತ್ತೇನೆ.

ಇದನ್ನು ಓದಿ ನನ್ನನ್ನು ಕೆಟ್ಟ ಹೆಂಗಸು ಅಂದುಕೊಂಡರೆ ಅಂದುಕೊಳ್ಳಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬರಲು ವರ್ಷಗಟ್ಟಲೆ ಹಿಡಿಯಿತು, ಬಂದ ಮೇಲೆ ಬೇಗ ಮುಗಿಸುವ ಇಷ್ಟ ನನಗಿಲ್ಲ.

ಬಿ.ಕಾಂ. ಮುಗಿಸಿ ನಾನು ಸೇರಿದ ಮೊದಲ ಕೆಲಸ ಚಿಂತಾಮಣಿಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ. ಅದೇ ಅಂಗಡಿಯದು ಶಿಡ್ಲಘಟ್ಟದಲ್ಲಿ ಒಂದು, ಗೌರಿಬಿದನೂರಿನಲ್ಲಿ ಒಂದು ಚಿಕ್ಕ ಬ್ರಾಂಚ್ ಇದ್ದವು. ನಮ್ಮ ಕಡೆ ಟೊಮೆಟೊ, ಹೂವು, ರೇಷ್ಮೆ ಬೆಳೆಯುವವರು ಬೀಜಕ್ಕೂ ಔಷಧಿಗೂ ಆ ಕ್ಷಣಕ್ಕೆ ದುಡ್ಡು ಕೊಡುವುದು ಕಡಿಮೆ. ಉದ್ರಿ ತೆಗೆದುಕೊಂಡು ಹೋಗುತ್ತಾರೆ, ಬೆಳೆ ಮಾರಿ ಕೊಡುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ, ಅದೇ ಪದ್ಧತಿ. ಹಾಗಾಗಿ ಅಂಗಡಿಯ ಜೀವವೆಲ್ಲ ಪಾರ್ಟಿ ಲೆಡ್ಜರಿನಲ್ಲಿತ್ತು. ಪಾರ್ಟಿ ಅಂದರೆ ಉದ್ರಿ ಗಿರಾಕಿ. ಒಬ್ಬೊಬ್ಬರಿಗೆ ಒಂದೊಂದು ಪುಟ, ಆ ಪುಟಗಳನ್ನು ಬರೆಯುವುದು ನನ್ನ ಕೆಲಸ. ಮುಖ ನೋಡಿದರೆ ಪುಟದ ಸಂಖ್ಯೆ ನೆನಪಾಗುವಷ್ಟು ನನಗೆ ಅವರೆಲ್ಲ ಪರಿಚಯವಾಗಿದ್ದರು.

ಯಜಮಾನರು ಒಂದೇ ಒಂದು ಖಾತೆಯನ್ನು ಸ್ವಂತ ಕೈಯಲ್ಲಿ ಬರೆಯುತ್ತಿದ್ದರು. ಅದರ ತಲೆಬರಹ ‘ಒಟ್ಟು ಬಾಕಿ’. ಕಾಲೇಜಿನಲ್ಲಿ ಕಂಟ್ರೋಲ್ ಅಕೌಂಟ್ ಅಂತ ನಾನು ಓದಿದ್ದು ಅದನ್ನೇ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ದಿನಕ್ಕೆ ಒಟ್ಟು ಎಷ್ಟು ಉದ್ರಿ ಹೋಯಿತು, ಒಟ್ಟು ಎಷ್ಟು ವಸೂಲಿ ಬಂತು, ಅಷ್ಟೇ. ತಿಂಗಳ ಕೊನೆಯ ದಿನ ನಾನು ನನ್ನ ಲೆಡ್ಜರಿನ ಎಲ್ಲ ಪುಟಗಳ ಬಾಕಿ ಕೂಡಿಸಿ ಮೊತ್ತವನ್ನು ಗಟ್ಟಿಯಾಗಿ ಹೇಳಬೇಕು. ಅವರು ತಮ್ಮ ಖಾತೆ ತೆಗೆದು ನೋಡಬೇಕು. ಎರಡೂ ಒಂದೇ ಆಗಿದ್ದರೆ ಪುಸ್ತಕ ಮುಚ್ಚಿ, "ಎಲ್ರಿಗೂ ಕಾಫಿ ಹೇಳ್ರಪ್ಪಾ" ಅಂತ ಕೂಗುತ್ತಿದ್ದರು. ಎಲ್ಲರಿಗೂ ಅಂದರೆ ಎಲ್ಲರಿಗೂ. ಮೂಟೆ ಹೊರುವವರಿಗೆ, ಕೌಂಟರಿನ ಮುಂದೆ ನಿಂತ ಗಿರಾಕಿಗಳಿಗೆ, ಪಕ್ಕದ ಪಂಪ್‌ಸೆಟ್ ಅಂಗಡಿಯವರಿಗೂ ಒಂದೊಂದು ಲೋಟ. ತಾಳೆಯಾಗದಿದ್ದರೆ ಕಾಫಿ ಇಲ್ಲ, ಆಗುವವರೆಗೆ ನಾನು ಪುಟ ತಿರುವುತ್ತಾ ಕೂರಬೇಕು.

ಈ ಖಾತೆ ಏನು ಹಿಡಿಯುತ್ತದೆ, ಏನು ಹಿಡಿಯುವುದಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ನನ್ನ ಬದುಕು ಕೆಟ್ಟದ್ದು ಅದರಿಂದಲೇ. ಟೊಮೆಟೊ ಬಿಡಿಸುವ ತೋಟದಲ್ಲಿ ಯಾವ ಹೆಂಗಸು ಎಷ್ಟು ಕ್ರೇಟ್ ತುಂಬಿದಳು ಅಂತ ಮೇಸ್ತ್ರಿ ಬರೆದುಕೊಳ್ಳುತ್ತಾನೆ. ರಸ್ತೆ ಪಕ್ಕದಲ್ಲಿ ಟೆಂಪೋದವನು ಒಟ್ಟು ಕ್ರೇಟ್ ಎಣಿಸಿ ಹತ್ತಿಸಿಕೊಳ್ಳುತ್ತಾನೆ. ಸಂಜೆಗೆ ಇಬ್ಬರ ಲೆಕ್ಕ ಒಂದೇ ಆದರೆ ಒಂದು ಕ್ರೇಟೂ ಕಳೆದುಹೋಗಿಲ್ಲ ಅಂತ ಅರ್ಥ. ಆದರೆ ಒಬ್ಬಳು ತುಂಬಿದ ಕ್ರೇಟನ್ನು ಮೇಸ್ತ್ರಿ ಇನ್ನೊಬ್ಬಳ ಹೆಸರಿಗೆ ಬರೆದರೆ ಟೆಂಪೋದವನಿಗೆ ಅದು ಗೊತ್ತೇ ಆಗುವುದಿಲ್ಲ. ಅವನ ಲೆಕ್ಕಕ್ಕೆ ಒಟ್ಟು ಸರಿಯಾಗಿದ್ದರೆ ಆಯಿತು.

ನನ್ನ ಮೇಜಿನ ಮುಂದೆ ನಿಲ್ಲುವ ಗಂಡಸು ಯಜಮಾನರ ಬಾಮೈದ, ಅವರ ಹೆಂಡತಿಯ ತಮ್ಮ. ಆಗ ನಾವೆಲ್ಲ ಅವನನ್ನು ಚಿಕ್ಕ ಯಜಮಾನರು ಅನ್ನುತ್ತಿದ್ದೆವು. ಎದುರಿಗೆ ಇವತ್ತೂ ‘ನೀವು’ ಅಂತೀನಿ, ನಮ್ಮಮ್ಮ ಕಲಿಸಿದ ಮರ್ಯಾದೆ ಅದು. ಬರೆಯುವಾಗ ಬಹುವಚನ ಕೊಡಲು ನನ್ನ ಕೈ ಬರುವುದಿಲ್ಲ. ಹಳ್ಳಿಗಳಿಗೆ ಹೋಗಿ ಬಾಕಿ ವಸೂಲಿ ಮಾಡುವುದು ಅವನ ಕೆಲಸ. ಬುಲೆಟ್ ಗಾಡಿಯಲ್ಲಿ ಹೊರಟು ಸಂಜೆಗೆ ಬಂದು, ಯಾರು ಎಷ್ಟು ಕೊಟ್ಟರು ಅಂತ ಒಂದು ಚೀಟಿ ಬರೆದು, ಹಣದ ಜೊತೆ ನನಗೆ ಕೊಡುತ್ತಿದ್ದ. ರಸೀದಿ ಪುಸ್ತಕ ಅವನ ಗಾಡಿಯ ಪೆಟ್ಟಿಗೆಯಲ್ಲಿ ಇರುತ್ತಿತ್ತು, ಯಾರಿಗೂ ಹರಿದು ಕೊಟ್ಟವನಲ್ಲ. "ನಮ್ ಜನ, ನಂಬಿಕೆ ಮೇಲೆ ನಡೀತದಮ್ಮ" ಅನ್ನುತ್ತಿದ್ದ. ನಾನು ಚೀಟಿ ನೋಡಿ ಆಯಾ ಪುಟಗಳಿಗೆ ಜಮೆ ಮಾಡಿ, ಚೀಟಿಯನ್ನು ಗೋಡೆಗೆ ನೇತುಹಾಕಿದ್ದ ತಂತಿಗೆ ಚುಚ್ಚುತ್ತಿದ್ದೆ. ಯಜಮಾನರು ಹಣದ ಮೊತ್ತವನ್ನು ತಮ್ಮ ಒಟ್ಟು ಬಾಕಿ ಖಾತೆಗೆ ಹಾಕಿಕೊಳ್ಳುತ್ತಿದ್ದರು.

ಒಂದು ತಿಂಗಳ ಕೊನೆಯ ದಿನ, ಸಂತೆ ಬೇರೆ, ಅಂಗಡಿ ತುಂಬಾ ಜನ. ಕೈವಾರದ ಕಡೆಯ ಟೊಮೆಟೊ ಬೆಳೆಗಾರರೊಬ್ಬರು, ಯಾವಾಗಲೂ ಹೆಗಲ ಮೇಲೆ ಕೆಂಪು ಟವೆಲ್ ಇರುತ್ತಿತ್ತು, ಬೀಜ ಕೇಳಲು ಬಂದರು. ನಾನು ಪುಟ ತೆಗೆದು ಹಳೇ ಬಾಕಿ ಹೇಳಿದೆ. ಅವರ ಮುಖ ಬಿಗಿದುಕೊಂಡಿತು.

"ಅದು ಕೊಟ್ಟು ತಿಂಗಳಾಯ್ತಲ್ಲಮ್ಮ. ಮನೆ ಹತ್ರಾನೇ ಬಂದು ಇಸ್ಕೊಂಡು ಹೋದ್ರು, ಇವ್ರೇ" ಅಂದು ಬಾಮೈದನ ಕಡೆ ಕೈ ತೋರಿಸಿದರು.

ಬಾಮೈದ ಒಂದು ಕ್ಷಣವೂ ತಡವರಿಸಲಿಲ್ಲ. ಅವನು ತಡವರಿಸಿದ್ದರೆ ನಾನು ಇಷ್ಟು ವರ್ಷ ಅವನನ್ನು ಹೀಗೆ ದ್ವೇಷಿಸುತ್ತಿರಲಿಲ್ಲವೇನೋ.

"ಹೂಂ, ಇಸ್ಕೊಂಡೆ. ಚೀಟೀಲಿ ಬರ್ದು ಈಯಮ್ಮನ ಕೈಗೆ ಕೊಟ್ಟೆ. ಏಮ್ಮಾ, ಯಾರ್ ಪುಟಕ್ಕೆ ಜಮಾ ಹಾಕ್ದೆ? ನಿಮ್ ನೆಂಟ್ರು ಯಾರಾದ್ರೂ ಇದಾರಾ ಲೆಡ್ಜರಲ್ಲಿ?"

ಚೀಟಿ ತೋರಿಸುತ್ತೇನೆ ಅಂತ ತಂತಿಯ ಹತ್ತಿರ ಹೋದೆ. ತಂತಿ ಖಾಲಿ. ಬೆಳಿಗ್ಗೆ ನಾನು ಬಂದಾಗ ದಪ್ಪಗೆ ತುಂಬಿದ್ದ ತಂತಿ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬಂದಿದ್ದೆ, ಅಷ್ಟರಲ್ಲಿ ಆಗಿತ್ತು. ತಿರುಗಿ ಅವನ ಮುಖ ನೋಡಿದೆ. ಅವನು ಯಜಮಾನರ ಮುಖ ನೋಡುತ್ತಿದ್ದ.

ಯಜಮಾನರು ಮೊತ್ತ ಹೇಳು ಅಂದರು. ಹೇಳಿದೆ. ಅವರು ತಮ್ಮ ಖಾತೆ ತೆಗೆದರು. ಪೈಸೆಗೆ ಪೈಸೆ ತಾಳೆಯಾಯಿತು. ನನಗೆ ಹೋದ ಜೀವ ಬಂದಂತಾಯಿತು. "ನೋಡಿ ಸಾರ್, ಬಂದ ಹಣವೆಲ್ಲ ಜಮೆಯಾಗಿದೆ" ಅಂದೆ. ಬಾಮೈದ ನಕ್ಕ.

"ಮೊತ್ತ ಸರಿಯಾಗಿರ್ತದೆ ಭಾವ. ಇವ್ರ್ ಪುಟದ್ದು ತೆಗ್ದು ಇನ್ನೊಬ್ರ ಪುಟಕ್ಕೆ ಹಾಕಿದ್ರೆ ಮೊತ್ತಕ್ಕೇನಾಗ್ತದೆ? ಈ ಹುಡ್ಗಿ ಕೈ ಶುದ್ಧ ಇಲ್ಲ. ಹೇಳೋವರ್ಗೂ ಇಲ್ಲೇ ನಿಂತಿರ್ಲಿ."

ಆ ಕಳ್ಳನಿಗೆ ಕಂಟ್ರೋಲ್ ಅಕೌಂಟಿನ ಗುಟ್ಟೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಕೌಂಟರಿನ ಒಳಗೆ ನಿಂತೆ. ಕೂರಲು ಸ್ಟೂಲಿತ್ತು, ಅದನ್ನು ಅವನು ಕಾಲಿನಿಂದ ಆಚೆಗೆ ಸರಿಸಿದ. ನನಗೆ ಪುಟದ ಸಂಖ್ಯೆಯಿಂದ ಗೊತ್ತಿದ್ದ ಎಲ್ಲರೂ ಎದುರಿಗಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಕೆಂಪು ಟವೆಲಿನವರು ಗೋಡೆಯ ಮೇಲಿನ ಔಷಧಿ ಕಂಪನಿಯ ಕ್ಯಾಲೆಂಡರ್ ಓದುತ್ತಿದ್ದರು.

ಅಷ್ಟು ಹೊತ್ತಿಗೆ ಕಾಫಿ ಬಂತು. ಮೊತ್ತ ಸರಿಯಾದಾಗ ಯಜಮಾನರು ಅಭ್ಯಾಸಬಲದಿಂದ ಕಾಫಿ ಹೇಳಿಬಿಟ್ಟಿದ್ದರು. ಲೋಟಗಳು ಎಲ್ಲರ ಕೈಗೂ ಹೋದವು. ನನ್ನ ಮುಂದೆ ಬಂದ ತಟ್ಟೆಯನ್ನು ಬಾಮೈದ ಆ ಕಡೆಗೆ ತಿರುಗಿಸಿದ. ಅವರೆಲ್ಲ ಸೊರಸೊರ ಕುಡಿದರು, ನಾನು ನಿಂತೇ ಇದ್ದೆ. ಷಟರ್ ಎಳೆಯುವ ಹೊತ್ತಿಗೆ ನನ್ನನ್ನು ಕೆಲಸದಿಂದ ತೆಗೆದರು, ಆ ಬಾಕಿಯನ್ನು ನನ್ನ ಸಂಬಳದಲ್ಲಿ ಮುರಿದುಕೊಂಡರು.

ಚಿಂತಾಮಣಿ ದೊಡ್ಡ ಊರೇ, ಆದರೆ ಲೆಕ್ಕ ಬರೆಯುವವರಿಗೆ ಚಿಕ್ಕದು. ಆಮೇಲೆ ಯಾವ ಮಂಡಿಯಲ್ಲೂ ನನಗೆ ಕೆಲಸ ಸಿಗಲಿಲ್ಲ. ಗೌರಿಬಿದನೂರಿನ ಕಡೆಯ ಒಂದು ಸಂಬಂಧ ಮಾತುಕತೆಯಲ್ಲಿತ್ತು. ಅವರ ಊರಿನಲ್ಲೂ ಅದೇ ಅಂಗಡಿಯ ಬ್ರಾಂಚ್ ಇತ್ತಲ್ಲ, ಸುದ್ದಿ ಬಸ್ಸಿಗಿಂತ ಮುಂಚೆ ಹೋಯಿತು. ‘ಹುಡುಗಿ ಲೆಕ್ಕದಲ್ಲಿ ಕೈಯಾಡಿಸಿದಳಂತೆ’ ಅಂತ ಅವರು ಮಧ್ಯಸ್ಥರ ಹತ್ತಿರ ಹೇಳಿಕಳಿಸಿದರು. ಆ ಹುಡುಗನಿಗಾಗಿ ನಾನೇನೂ ಅಳಲಿಲ್ಲ. ಈಚೆಗೆ ಒಂದು ಮದುವೆಯಲ್ಲಿ ನೋಡಿದೆ, ತಲೆ ಬೋಳಾಗಿ ಹೊಟ್ಟೆ ಮುಂದೆ ಬಂದಿದೆ, ದೇವರು ದೊಡ್ಡವನು. ಅತ್ತದ್ದು ನಮ್ಮಮ್ಮ. ಅಪ್ಪ ಹೈಸ್ಕೂಲ್ ಗುಮಾಸ್ತರಾಗಿ ಒಂದು ಗುಂಡುಪಿನ್ನನ್ನೂ ಮನೆಗೆ ತರದೆ ಬದುಕಿ ಹೋದವರು. "ಅವ್ರ್ ಹೆಸ್ರಿಗೆ ಮಸಿ ಬಳಿದ್ರಲ್ಲೇ" ಅಂತ ಅಮ್ಮ ಅಕ್ಕಿ ಆರಿಸುತ್ತಾ ಅಳುತ್ತಿದ್ದಳು. ಕೊನೆಗೆ ಚಿಂತಾಮಣಿಯ ಮನೆ ಬಿಟ್ಟು ಅಮ್ಮನ ತವರು ಪೆರೇಸಂದ್ರಕ್ಕೆ ಬಂದೆವು.

ಅಲ್ಲಿ ಹೈವೇ ಪಕ್ಕದ ಜಗಲಿಯ ಮೇಲೆ ಕೂತು, ನೆನಪಿನಲ್ಲಿದ್ದ ಪುಟಗಳನ್ನೆಲ್ಲ ಮತ್ತೆ ಮತ್ತೆ ತಿರುವಿದೆ. ಸಂಕಟ ಒಂದು ಒಳ್ಳೆಯ ಮೇಷ್ಟ್ರು. ನಿಧಾನವಾಗಿ ಅವನ ಆಟ ತಿಳಿಯಿತು. ಒಬ್ಬ ರೈತ ಕೊಟ್ಟ ಹಣವನ್ನು ಅವನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮುಂದಿನ ತಿಂಗಳು ಎರಡನೆಯವನು ಕೊಟ್ಟ ಹಣವನ್ನು ಚೀಟಿಯಲ್ಲಿ ಮೊದಲನೆಯವನ ಹೆಸರಿಗೆ ಬರೆಯುತ್ತಿದ್ದ. ಮೂರನೆಯವನದು ಎರಡನೆಯವನಿಗೆ. ಅಂಗಡಿಗೆ ಬಂದ ಹಣವೂ ಚೀಟಿಯೂ ಯಾವಾಗಲೂ ಹೊಂದುತ್ತಿದ್ದವು, ಒಟ್ಟು ಬಾಕಿ ಯಾವಾಗಲೂ ತಾಳೆಯಾಗುತ್ತಿತ್ತು. ಯಾರಾದರೂ ಒಬ್ಬರ ಪುಟ ಮಾತ್ರ ಯಾವಾಗಲೂ ಸುಳ್ಳು ಹೇಳುತ್ತಿತ್ತು. ಆ ಸಂತೆ ದಿನ ಕೆಂಪು ಟವೆಲಿನವರ ಸರದಿಯಾಗಿತ್ತು, ಅವರನ್ನು ಸಂತೆಯಲ್ಲಿ ಕಂಡೇ ಅವನು ತಂತಿ ಖಾಲಿ ಮಾಡಿದ್ದಿರಬೇಕು.

ತಿಳಿದು ಏನು ಮಾಡಲಿ? ನನ್ನ ಮಾತಿಗೆ ಬೆಲೆಯಿಲ್ಲದಂತೆ ಅವನು ಮೊದಲೇ ಮಾಡಿಟ್ಟಿದ್ದ. ಚಿಕ್ಕಬಳ್ಳಾಪುರದ ಈ ಆಡಿಟರ ಹತ್ತಿರ ಕಡಿಮೆ ಸಂಬಳಕ್ಕೆ ಸೇರಿಕೊಂಡೆ. ಕೆಲಸ ಕಲಿತೆ. ದಿನಾ ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಕೂತು ಅವನಿಗೆ ಏನೇನಾಗಬೇಕು ಅಂತ ಯೋಚಿಸುವುದು ನನಗೆ ಪೂಜೆಯಂತೆ ಆಗಿಹೋಗಿತ್ತು. ಅಮ್ಮನಿಗೆ ಇದು ಗೊತ್ತಿತ್ತು. "ಬಿಟ್ಬಿಡೇ, ದೇವ್ರು ನೋಡ್ಕೋತಾನೆ" ಅನ್ನುತ್ತಿದ್ದಳು. "ದೇವ್ರಿಗೆ ಡಬಲ್ ಎಂಟ್ರಿ ಬರಲ್ಲಮ್ಮ" ಅನ್ನುತ್ತಿದ್ದೆ.

ಆ ಅಂಗಡಿಯ ಫೈಲು ಒಂದು ದಿನ ನಮ್ಮ ಆಫೀಸಿಗೇ ಬಂತು. ಯಜಮಾನರಿಗೆ ಬ್ಯಾಂಕಿನಲ್ಲಿ ಓ.ಡಿ. ಸಾಲದ ಮಿತಿ ಹೆಚ್ಚಿಸಬೇಕಿತ್ತು. ಉದ್ರಿ ಬಾಕಿಯ ಪಟ್ಟಿಗೆ ಆಡಿಟರ ಸಹಿ ಬೇಕಿತ್ತು. ಈ ಕೆಲಸ ನಾನು ಮಾಡ್ತೀನಿ ಸಾರ್ ಅಂದೆ. ನಾನು ಅಲ್ಲಿ ಕೆಲಸ ಮಾಡಿದ್ದೆ ಅಂತ ಹೇಳಲಿಲ್ಲ. ಹೇಳಿದ್ದರೆ ಫೈಲು ಬೇರೆ ಮೇಜಿಗೆ ಹೋಗುತ್ತಿತ್ತು.

ಅಷ್ಟರಲ್ಲಿ ಅಂಗಡಿಗೆ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಒಟ್ಟು ಬಾಕಿಯೂ ಪಾರ್ಟಿಗಳ ಬಾಕಿಯೂ ತಾಳೆಯಾಗದೆ ಇರಲು ಸಾಧ್ಯವೇ ಇಲ್ಲ, ಯಾಕೆಂದರೆ ಮೊತ್ತವನ್ನು ಅದೇ ಕಂಪ್ಯೂಟರ್ ಅದೇ ಪುಟಗಳಿಂದ ಕೂಡಿಸಿಕೊಳ್ಳುತ್ತದೆ. ತನ್ನ ಪರೀಕ್ಷೆಗೆ ತಾನೇ ಅಂಕ ಹಾಕಿಕೊಂಡ ಹಾಗೆ. ಕಂಟ್ರೋಲ್ ಅಕೌಂಟಿಗೆ ಅರ್ಥ ಬರುವುದು ಎರಡು ಬೇರೆ ಕೈಗಳು ಬೇರೆ ಬೇರೆ ಕಡೆಯಿಂದ ಬರೆದಾಗ. ಚಿಂತಾಮಣಿಯಲ್ಲಿ ಈಗ ಒಂದೇ ಕೈ, ಅದು ಅವನದು. ನನ್ನ ನಂತರ ಅವರು ಬೇರೆಯವರನ್ನು ಇಟ್ಟುಕೊಂಡಿರಲೇ ಇಲ್ಲ.

ಪಟ್ಟಿ ಹಿಡಿದುಕೊಂಡು ನಾನೇ ಹಳ್ಳಿಗಳಿಗೆ ಹೋದೆ. ಪಾರ್ಟಿಗಳನ್ನು ನೇರವಾಗಿ ಕೇಳಿ ಬಾಕಿ ಖಚಿತ ಮಾಡಿಕೊಳ್ಳುವುದು ಆಡಿಟಿನ ನಿಯಮವೇ. ಆದರೆ ನಿಯಮ ಪಾಲಿಸುವವರಿಗೆ ಆವತ್ತು ನನಗೆ ಹೊಡೆದುಕೊಂಡಷ್ಟು ಎದೆ ಹೊಡೆದುಕೊಳ್ಳುವುದಿಲ್ಲ. ಮೊದಲು ಹೋದದ್ದು ಶಿಡ್ಲಘಟ್ಟದ ದಾರಿಯ ಒಂದು ಸೇವಂತಿಗೆ ತೋಟಕ್ಕೆ. ಹೂವು ಬಿಡಿಸುತ್ತಿದ್ದ ಹೆಂಗಸಿಗೆ ಬಾಕಿ ಓದಿ ಹೇಳಿದೆ.

"ಅಯ್ಯೋ, ಅದು ಕೊಟ್ಟಾಯ್ತಲ್ಲಮ್ಮ ಆವಾಗ್ಲೇ" ಅಂದಳು.

"ರಸೀದಿ ಇದೆಯೇನಮ್ಮ?"

"ರಸೀದಿ ಯಾವೋನ್ ಕೊಡ್ತಾನೆ? ಫೋನಲ್ಲಿ ಹಾಕಿದ್ದು, ನೋಡು."

ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದು ತೋರಿಸಿದಳು. ತಾರೀಖು, ಹೊತ್ತು, ಹಣ, ಎಲ್ಲ ಇತ್ತು. ಹಣ ಹೋಗಿದ್ದು ಅಂಗಡಿಯ ಹೆಸರಿಗಲ್ಲ, ಬಾಮೈದನ ಸ್ವಂತ ಹೆಸರಿಗೆ. ಅವನು ಬುಲೆಟ್ ಗಾಡಿಯ ಟ್ಯಾಂಕಿನ ಮೇಲೆ ತನ್ನದೇ ಖಾತೆಯ ಸ್ಕ್ಯಾನರ್ ಅಂಟಿಸಿಕೊಂಡು ಊರೂರು ಸುತ್ತುತ್ತಿದ್ದ. ಎಷ್ಟೋ ವರ್ಷ ರಸೀದಿ ಕೊಡದೆ ದಕ್ಕಿಸಿಕೊಂಡ ಮನುಷ್ಯನಿಗೆ, ಫೋನು ತಾನಾಗಿಯೇ ರಸೀದಿ ಕೊಡುತ್ತದೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

ಆ ವಾರವೆಲ್ಲ ನಾನು ತೋಟ ತೋಟ ಸುತ್ತಿದೆ, ಫೋನುಗಳ ಫೋಟೋ ತೆಗೆದುಕೊಂಡೆ. ಒಬ್ಬರು ಕೊಟ್ಟ ಹಣ ಅಂಗಡಿಯಲ್ಲಿ ತಿಂಗಳು ಬಿಟ್ಟು ಇನ್ನೊಬ್ಬರು ಕೊಟ್ಟಾಗ ಜಮೆಯಾಗಿತ್ತು. ಸರಪಳಿ ಕೊಂಡಿ ಕೊಂಡಿಯಾಗಿ ಕೈಗೆ ಬಂತು. ಪೆರೇಸಂದ್ರಕ್ಕೆ ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆನಂತೆ, ಕಂಡಕ್ಟರ್ ಕೇಳಿದ ಮೇಲೆ ಗೊತ್ತಾಯಿತು.

ಅವನಿಗೆ ಫೋನು ಮಾಡಿದೆ. "ಆಡಿಟರ್ ಆಫೀಸಿಂದ, ವಸೂಲಿಗೆ ಯಾವ ಸ್ಕ್ಯಾನರ್ ಬಳಸ್ತೀರಿ ಸಾರ್?" ಅಂತ ಮಾತ್ರ ಕೇಳಿದೆ. ನಾನು ಯಾರು ಅಂತ ಅವನಿಗೆ ತಿಳಿಯಲಿಲ್ಲ. ಆದರೂ, "ಎಲ್ಲಾ ಸರಿಯಾಗಿದೆ ಮೇಡಂ, ಒಂದೆರಡು ಪಾರ್ಟಿದು ಲೇಟಾಗಿರ್ಬೋದು, ನಾನೇನೂ ಇಟ್ಕೊಂಡಿಲ್ಲ" ಅಂತ ಶುರು ಮಾಡಿದ. ಇಟ್ಟುಕೊಂಡಿದ್ದೀರಾ ಅಂತ ನಾನು ಕೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಆಡಿಟರ ಮುಂದೆ ಎಲ್ಲವನ್ನೂ ಇಟ್ಟೆ, ಹಳೆಯ ಕಥೆಯನ್ನೂ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರು. "ಮೊದ್ಲೇ ಹೇಳ್ಬಾರ್ದಾಗಿತ್ತೇನಮ್ಮಾ?" "ಹೇಳಿದ್ರೆ ಫೈಲ್ ಕೊಡ್ತಿದ್ರಾ ಸಾರ್?" ಅವರು ನನ್ನ ಲೆಕ್ಕವನ್ನು ಆಫೀಸಿನ ಇನ್ನೊಬ್ಬರ ಕೈಗೆ ಕೊಟ್ಟು ಮೊದಲಿನಿಂದ ಮತ್ತೆ ಮಾಡಿಸಿದರು. ಅದೇ ಸರಪಳಿ, ಅದೇ ಹೆಸರು ಬಂತು. ಆಮೇಲೆ ಯಜಮಾನರನ್ನೂ ಬಾಮೈದನನ್ನೂ ಕರೆಸಿದರು.

ಬಾಮೈದ ಬಾಗಿಲಲ್ಲೇ ನನ್ನನ್ನು ಗುರುತು ಹಿಡಿದ. ಅವನ ಮುಖದ ಬಣ್ಣ ಹೋಗುವುದನ್ನು ನಾನು ಆಸೆಯಿಂದ ನೋಡಿದೆ, ಹಬ್ಬದೂಟ ಬಡಿಸಿದ ಎಲೆಯನ್ನು ನೋಡುವ ಹಾಗೆ. ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ. ಅವಸರ ಮಾಡಲಿಲ್ಲ. ಯಜಮಾನರಿಗೆ ವಯಸ್ಸಾಗಿತ್ತು. ಎಲ್ಲ ನೋಡಿ ಮುಗಿಸಿ, ಬಾಮೈದನ ಕಡೆ ತಿರುಗಿ, "ಅವತ್ತಿಂದೂ ಹಿಂಗೇನೇನೋ?" ಅಂದರು. ಅವನು ತಲೆಯೆತ್ತಲಿಲ್ಲ. "ಹೂಂ ಭಾವ" ಅಂದ. ಆ ಎರಡು ಮಾತಿಗೆ ನನ್ನ ಅಮ್ಮ ಎಷ್ಟು ಅಕ್ಕಿ ಆರಿಸಿದ್ದಳು!

ಯಜಮಾನರು ಒಳ್ಳೆಯವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಒಳ್ಳೆಯವರು. ಮಾರನೇ ದಿನ ಒಬ್ಬರೇ ಪೆರೇಸಂದ್ರಕ್ಕೆ ಬಂದರು, ಒಂದು ರೇಷ್ಮೆ ಸೀರೆ, ಹಣ್ಣು, ಒಂದು ದಪ್ಪ ಕವರು ಹಿಡಿದುಕೊಂಡು. ಅಮ್ಮ ಚಾಪೆ ಹಾಸಿದಳು.

"ಮನೆ ವಿಷ್ಯ ಕಣಮ್ಮ, ನಮ್ಮಾಕೆ ತಮ್ಮ. ಪೋಲೀಸು ಗೀಲೀಸು ಬ್ಯಾಡ. ಹಣ ಅವ್ನ್ ಪಾಲಿನ ಜಮೀನಲ್ಲಿ ಮುರ್ಕೋತೀನಿ. ನಿನ್ ಸಂಬ್ಳದ್ದು ಬಡ್ಡಿ ಸಮೇತ ಇದ್ರಲ್ಲಿದೆ. ಇನ್ನೇನ್ ಬೇಕು ಹೇಳು, ಕೊಡ್ತೀನಿ."

ಅಮ್ಮ ನನ್ನ ಕಡೆ ನೋಡಿದಳು. ಕವರಿನಿಂದ ನನ್ನ ಸಂಬಳದಲ್ಲಿ ಮುರಿದಷ್ಟನ್ನು ಎಣಿಸಿ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಸರಿಸಿದೆ.

"ತಪ್ಪು ಬರೆದ್ರೆ ನಾವು ಅಳಿಸಲ್ಲ ಸಾರ್. ಯಾವ ಪುಸ್ತಕದಲ್ಲಿ ತಪ್ಪು ಬರೆದಿದ್ವೋ ಅದೇ ಪುಸ್ತಕದಲ್ಲಿ ಅದರ ಎದುರು ಬರೀತೀವಿ. ಅವ್ರು ನನ್ನ ಕೈ ಶುದ್ಧ ಇಲ್ಲ ಅಂದಿದ್ದು ನಿಮ್ಮ ಕೌಂಟರಲ್ಲಿ, ಸಂತೆ ದಿನ, ಜನದ ಮುಂದೆ. ಅಲ್ಲೇ ವಾಪಸ್ ತಗೋಬೇಕು. ಆಮೇಲೆ ಪ್ರತಿ ತಿಂಗಳು ಪಾರ್ಟಿ ಬಾಕಿ ಪಟ್ಟಿ ಅವ್ರೇ ತರ್ಬೇಕು, ಒಟ್ಟು ಬಾಕಿ ಖಾತೆ ನನ್ನ ಹತ್ರ ಇರುತ್ತೆ. ಇವೆರಡು ಆದ್ರೆ ಆಡಿಟರ್ ಸಾರ್ ಮುಂದೆ ನಾನು ಪೋಲೀಸ್ ಮಾತೆತ್ತಲ್ಲ."

ಪಟ್ಟಿಯನ್ನು ಬೇರೆ ಕೈಯಿಂದ ತಾಳೆ ನೋಡಿಸಬೇಕು ಅನ್ನುವುದು ಆಡಿಟರೇ ಹಾಕಿದ ಷರತ್ತು. ಅವನೇ ತರಬೇಕು ಅನ್ನುವುದು ನಾನು ಸೇರಿಸಿದ್ದು.

ಸಂತೆ ದಿನ ಚಿಂತಾಮಣಿಗೆ ಹೋದೆ. ಆ ಊರಿನಲ್ಲಿ ಬಸ್ಸು ಇಳಿದು ಎಷ್ಟು ವರ್ಷವಾಗಿತ್ತೋ. ಅಮ್ಮನೂ ಬಂದಳು, ಬಿಟ್ಟುಬಿಡೇ ಅನ್ನುತ್ತಿದ್ದ ಅದೇ ಅಮ್ಮ, ಒಳ್ಳೆಯ ಸೀರೆ ಉಟ್ಟುಕೊಂಡು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗೆ ಹೊಸ ಬಣ್ಣ ಬಂದಿತ್ತು, ತಂತಿ ನೇತುಹಾಕುತ್ತಿದ್ದ ಮೊಳೆ ಮಾತ್ರ ಹಾಗೇ ಇತ್ತು. ಕೆಂಪು ಟವೆಲಿನವರೂ ಇದ್ದರು. ಟವೆಲ್ ಈಗ ನೀಲಿ, ಮುಖ ಅದೇ, ಪುಟದ ಸಂಖ್ಯೆಯೂ ನನಗೆ ನೆನಪಿತ್ತು.

ಬಾಮೈದ ಕೌಂಟರಿನ ಹಿಂದೆ ಎದ್ದು ನಿಂತ. ಸ್ಟೂಲನ್ನು ನಾನು ಕಾಲಿನಿಂದ ಸರಿಸಲಿಲ್ಲ, ಸರಿಸಬೇಕು ಅಂತ ಕಾಲು ಕಡಿಯಿತು. ಅವನು ಪಾಠ ಒಪ್ಪಿಸುವವನ ಹಾಗೆ ಹೇಳಿದ. ಅವತ್ತು ಹಣ ತಿಂದದ್ದು ತಾನು. ತಂತಿಯಿಂದ ಚೀಟಿ ತೆಗೆದದ್ದು ತಾನು. ಈ ಮೇಡಂ ಕೈ ಶುದ್ಧ. ನಾನು ಇನ್ನೊಂದು ಸಲ ಹೇಳಿ ಅಂದೆ, ಹಿಂದಿರುವವರಿಗೆ ಕೇಳಿಸಲಿಲ್ಲ ಅಂದೆ. ಅವನು ಇನ್ನೊಂದು ಸಲ ಹೇಳಿದ. ಮಾಡಿದ್ದುಣ್ಣೋ ಮಹರಾಯ. ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ನಾನು ಆ ಕ್ಷಣಕ್ಕೆ ಬಹಳ ಕಾದಿದ್ದೆ. ಜನ ಬಾಯಿ ತೆರೆಯುತ್ತಾರೆ, ಛೆ ಛೆ ಅನ್ನುತ್ತಾರೆ, ಯಾರಾದರೂ ಅವನಿಗೆ ಥೂ ಅನ್ನುತ್ತಾರೆ ಅಂತೆಲ್ಲ ಬಸ್ಸಿನ ಕಿಟಕಿಯಲ್ಲಿ ಕಟ್ಟಿಕೊಂಡಿದ್ದೆ. ಯಾರೂ ಏನೂ ಅನ್ನಲಿಲ್ಲ. ಒಬ್ಬ ಹುಳದ ಔಷಧಿಯ ಬಾಟಲಿ ತಿರುಗಿಸಿ ಬೆಲೆ ನೋಡುತ್ತಿದ್ದ. ನೀಲಿ ಟವೆಲಿನವರು ನನ್ನ ಹತ್ತಿರ ಬಂದು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು.

"ಇದು ಹೇಳ್ಸೋದೇನಿತ್ತಮ್ಮ? ನಮ್ಗೆಲ್ಲಾ ಅವಾಗ್ಲೇ ಗೊತ್ತಿತ್ತು. ಇವ್ರು ಇವತ್ತು ಇಸ್ಕೊಂಡ್ರೆ ಬರೋ ತಿಂಗ್ಳು ಬರೀತಾರೆ, ಊರಿಗೆಲ್ಲಾ ಗೊತ್ತಿರೋದೇ. ನೀನು ಅಂಥೋಳಲ್ಲ ಅಂತ ಆವತ್ತೂ ಗೊತ್ತಿತ್ತು."

"ಗೊತ್ತಿತ್ತಾ? ಮತ್ತೆ ಆವತ್ತು ಯಾಕೆ ಒಂದು ಮಾತು ಆಡ್ಲಿಲ್ಲ?"

ಅವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಹೆಂಗಾಡಾದು? ನಾಳೆ ಬೆಳಗಾದ್ರೆ ಬೀಜ ಉದ್ರಿಗೆ ಬೇಕಲ್ಲಮ್ಮ. ಓದ್ದೋಳು, ನಿಂಗಿನ್ನೊಂದು ಕೆಲ್ಸ ಸಿಗ್ತದೆ ಅಂದ್ಕೊಂಡ್ವಿ."

ಅಂದುಕೊಂಡೆವು ಅಂದರು. ಅಂದುಕೊಂಡೆ ಅನ್ನಲಿಲ್ಲ. ನಾನು ಸುತ್ತ ನೋಡಿದೆ. ಆವತ್ತು ಇದ್ದವರಲ್ಲಿ ಎಷ್ಟೋ ಮುಖಗಳು ಅಲ್ಲಿದ್ದವು, ಒಂದೊಂದಕ್ಕೂ ಪುಟ ನೆನಪಾಯಿತು. ಒಬ್ಬಳನ್ನು ಕಳೆದರೂ ಅವರ ಮೊತ್ತ ಕೆಡಲಿಲ್ಲ, ಅಷ್ಟೇ. ಬಾಮೈದನೊಬ್ಬನನ್ನು ಪ್ರತಿ ತಿಂಗಳು ನನ್ನ ಮೇಜಿನ ಮುಂದೆ ನಿಲ್ಲಿಸಬಲ್ಲೆ. ಇವರನ್ನೆಲ್ಲ ಎಲ್ಲಿ ನಿಲ್ಲಿಸಲಿ?

ಯಜಮಾನರಿಗೆ ಅಷ್ಟು ಹೊತ್ತಿಗೆ ದೊಡ್ಡ ಭಾರ ಇಳಿದಿತ್ತು. ಅವರು ಪುಸ್ತಕ ಮುಚ್ಚುವವರ ಹಾಗೆ ಎರಡೂ ಅಂಗೈ ಕೌಂಟರಿನ ಮೇಲೆ ಊರಿ, "ಎಲ್ರಿಗೂ ಕಾಫಿ ಹೇಳ್ರಪ್ಪಾ" ಅಂದರು. ಕಾಫಿ ಬಂತು. ಈ ಸಲ ಮೊದಲನೇ ಲೋಟವನ್ನು ಬಾಮೈದನೇ ತಂದು ನನ್ನ ಮುಂದೆ ಇಟ್ಟ. ಜನ ಮಾತಿಗೆ ತೊಡಗಿದರು, ಸೊರಸೊರ ಕುಡಿದರು. ನೀಲಿ ಟವೆಲಿನವರು ಬೀಜದ ಬೆಲೆ ಕೇಳಿದರು, ಉದ್ರಿಗೆ. ಅಮ್ಮ ತನ್ನ ಲೋಟ ಎತ್ತಿಕೊಂಡು, ನನ್ನ ಮುಖ ನೋಡಿ, ಹಾಗೇ ಕೆಳಗಿಟ್ಟಳು. ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು, ನಮ್ಮ ಎರಡು ಲೋಟ ಕೌಂಟರಿನ ಮೇಲೆ ತುಂಬಿದ ಹಾಗೇ ಉಳಿದವು.